ಮೌಂಟನ್ ಬೈಕ್ ಹಿಂಬದಿ ಶಾಕ್‌ನ ಹೊಂದಾಣಿಕೆ ಮತ್ತು ನಿರ್ವಹಣೆ

ಮೌಂಟನ್ ಬೈಕಿನ ಹಿಂಬದಿ ಶಾಕ್ ಅಥವಾ ಶಾಕ್ ಅಬ್ಸಾರ್ಬರ್ ಎಂಬುದು ಕಲ್ಲು, ಬೇರು, ಹಳ್ಳಗಳಿಂದ ಕೂಡಿದ ದಾರಿಯಲ್ಲಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಗಲುವ ಪೆಟ್ಟನ್ನು ಹೀರಿಕೊಂಡು, ಆ ಚಕ್ರವು ನೆಲದ ಹಿಡಿತವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವ ಯಾಂತ್ರಿಕ ಭಾಗವಾಗಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳೆರಡಕ್ಕೂ ಇಂತಹ ವ್ಯವಸ್ಥೆ ಇರುವ ಸೈಕಲ್ಲನ್ನು ಫುಲ್ ಸಸ್ಪೆನ್ಷನ್ ಸೈಕಲ್ ಎಂದು ಕರೆಯುತ್ತಾರೆ. ಹಿಂಬದಿ ಶಾಕ್ ಸರಿಯಾಗಿ ಕೆಲಸ ಮಾಡಬೇಕಾದರೆ ಅದನ್ನು ಸವಾರನ ತೂಕಕ್ಕೂ ದಾರಿಯ ಸ್ವರೂಪಕ್ಕೂ ತಕ್ಕಂತೆ ಹೊಂದಿಸಬೇಕು ಹಾಗೂ ಅದರ ಸೀಲ್‌ಗಳನ್ನೂ ಎಣ್ಣೆಯನ್ನೂ ಕಾಲಕಾಲಕ್ಕೆ ಬದಲಿಸಬೇಕು. ಇವುಗಳಲ್ಲಿ ಗಾಳಿಯ ಒತ್ತಡ ಹೊಂದಿಸುವುದು, ತಿರುಗುಗುಂಡಿಗಳ ಹೊಂದಾಣಿಕೆ ಮತ್ತು ಗಾಳಿ ಕೋಣೆಯ ಶುಚೀಕರಣವನ್ನು ಸಾಮಾನ್ಯ ಉಪಕರಣಗಳಿಂದ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಎಣ್ಣೆ ಮತ್ತು ನೈಟ್ರೋಜನ್ ಅನಿಲ ತುಂಬಿದ ಒಳಭಾಗದ ಕೆಲಸಕ್ಕೆ ವಿಶೇಷ ಸಲಕರಣೆ ಹಾಗೂ ತರಬೇತಿ ಅಗತ್ಯ. ಈ ಎರಡು ಬಗೆಯ ಕೆಲಸಗಳ ನಡುವಿನ ಗಡಿಯನ್ನು ತಿಳಿದಿರುವುದು ಸುರಕ್ಷತೆಯ ದೃಷ್ಟಿಯಿಂದ ಬಹಳ ಮುಖ್ಯ.

ಹಿನ್ನೆಲೆ

ಮೌಂಟನ್ ಬೈಕ್ ಕ್ರೀಡೆಯು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ರೂಪುಗೊಂಡಿತು. ಅಲ್ಲಿನ ಫೇರ್‌ಫ್ಯಾಕ್ಸ್ ಊರಿನ ಬಳಿಯ ಕಡಿದಾದ ಇಳಿಜಾರಿನಲ್ಲಿ 1976ರಲ್ಲಿ ಆರಂಭವಾದ 'ರೀಪ್ಯಾಕ್' ಎಂಬ ಸ್ಪರ್ಧೆ ಪ್ರಸಿದ್ಧವಾಗಿದೆ. ಅಂದಿನ ಹಳೆಯ ಸೈಕಲ್ಲುಗಳ ಹಿಂದಿನ ಹಬ್ಬಿನೊಳಗಿದ್ದ ಬ್ರೇಕು ಇಳಿಜಾರಿನಲ್ಲಿ ಕಾದು, ಅದರ ಗ್ರೀಸ್ ಸುಟ್ಟುಹೋಗುತ್ತಿತ್ತು. ಕೆಳಗಿಳಿದ ಮೇಲೆ ಹಬ್ಬಿಗೆ ಮತ್ತೆ ಹೊಸ ಗ್ರೀಸ್ ತುಂಬಬೇಕಾಗುತ್ತಿತ್ತು. ಹೀಗೆ 'ಮತ್ತೆ ತುಂಬು' ಎಂಬ ಅರ್ಥದ ಪದವೇ ಸ್ಪರ್ಧೆಯ ಹೆಸರಾಯಿತು. ಸವಾರನೇ ತನ್ನ ಸೈಕಲ್ಲಿನ ದುರಸ್ತಿಯನ್ನು ಮಾಡಿಕೊಳ್ಳುವ ರೂಢಿ ಈ ಕ್ರೀಡೆಯ ಹುಟ್ಟಿನೊಂದಿಗೇ ಬಂದಿದೆ.

ಆ ಕಾಲದ ಸೈಕಲ್ಲುಗಳಲ್ಲಿ ಪೆಟ್ಟು ತಡೆಯುವ ವ್ಯವಸ್ಥೆ ಇರಲಿಲ್ಲ. 1974ರಲ್ಲಿ ಬಾಬ್ ಫಾಕ್ಸ್ ಸ್ಥಾಪಿಸಿದ ಫಾಕ್ಸ್ ಸಂಸ್ಥೆಯು ಮೊದಲಿಗೆ ಮೋಟಾರ್‌ಸೈಕಲ್ ಶಾಕ್‌ಗಳನ್ನು ತಯಾರಿಸುತ್ತಿತ್ತು. ಮುಂದೆ ಸೈಕಲ್ ಕ್ಷೇತ್ರಕ್ಕೆ ಬಂದಿತು. ಪಾಲ್ ಟರ್ನರ್ 1989ರಲ್ಲಿ ಆರಂಭಿಸಿದ ರಾಕ್‌ಶಾಕ್ಸ್ ಸಂಸ್ಥೆಯು ಸೈಕಲ್ಲಿನ ಮುಂಭಾಗದ ಸಸ್ಪೆನ್ಷನ್ ಫೋರ್ಕನ್ನು ಜನಪ್ರಿಯಗೊಳಿಸಿತು. 1990ರ ದಶಕದಲ್ಲಿ ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಇರುವ ಸೈಕಲ್ಲುಗಳು ಮಾರುಕಟ್ಟೆಯಲ್ಲಿ ನೆಲೆಯೂರಿದವು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಸ್ಪರ್ಧೆಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು.

ರಚನೆ ಮತ್ತು ಕಾರ್ಯವಿಧಾನ

ಹಿಂಬದಿ ಶಾಕ್‌ನಲ್ಲಿ ಎರಡು ಪ್ರತ್ಯೇಕ ಕೆಲಸಗಳು ನಡೆಯುತ್ತವೆ. ಮೊದಲನೆಯದು ಸ್ಪ್ರಿಂಗ್‌ನ ಕೆಲಸ. ಅದು ಸವಾರನ ಭಾರವನ್ನು ಹೊತ್ತು, ಪೆಟ್ಟು ಬಿದ್ದಾಗ ಕುಗ್ಗಿ, ಮತ್ತೆ ಹಿಗ್ಗುತ್ತದೆ. ಎರಡನೆಯದು ಡ್ಯಾಂಪರ್‌ನ ಕೆಲಸ. ಕುಗ್ಗುವ ಹಾಗೂ ಹಿಗ್ಗುವ ವೇಗವನ್ನು ಅದು ನಿಯಂತ್ರಿಸುತ್ತದೆ. ಡ್ಯಾಂಪರ್ ಇಲ್ಲದೆ ಸ್ಪ್ರಿಂಗ್ ಮಾತ್ರ ಇದ್ದರೆ ಸೈಕಲ್ಲು ಒಂದು ಪೆಟ್ಟಿಗೆ ಹಲವು ಬಾರಿ ಮೇಲೆ ಕೆಳಗೆ ಕುಣಿಯುತ್ತದೆ.

ಸ್ಪ್ರಿಂಗ್‌ನಲ್ಲಿ ಎರಡು ವಿಧ. ಉಕ್ಕಿನ ಸುರುಳಿಯನ್ನು ಹೊಂದಿರುವುದು ಕಾಯಿಲ್ ಶಾಕ್. ಮುಚ್ಚಿದ ಕೋಣೆಯಲ್ಲಿನ ಗಾಳಿಯನ್ನೇ ಸ್ಪ್ರಿಂಗ್ ಆಗಿ ಬಳಸುವುದು ಏರ್ ಶಾಕ್. ಏರ್ ಶಾಕ್ ಹಗುರವಾಗಿದ್ದು, ಪಂಪಿನ ಸಹಾಯದಿಂದ ಯಾವುದೇ ತೂಕದ ಸವಾರನಿಗೆ ಹೊಂದಿಸಲು ಸುಲಭವಾದುದರಿಂದ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಗಾಳಿ ಕೋಣೆಗಳಿರುತ್ತವೆ. ಭಾರವನ್ನು ಹೊರುವ ಮುಖ್ಯ ಕೋಣೆಯನ್ನು ಧನ ಕೋಣೆ ಎಂದೂ, ಅದಕ್ಕೆ ಎದುರಾಗಿ ಒತ್ತಿ ಚಲನೆಯ ಆರಂಭವನ್ನು ಮೃದುಗೊಳಿಸುವ ಕೋಣೆಯನ್ನು ಋಣ ಕೋಣೆ ಎಂದೂ ಕರೆಯಬಹುದು. ಶಾಕ್ ಚಲಿಸುವಾಗ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಈ ಎರಡು ಕೋಣೆಗಳ ನಡುವೆ ಗಾಳಿ ಹರಿದು ಒತ್ತಡ ಸಮವಾಗುತ್ತದೆ.

ಡ್ಯಾಂಪರ್‌ನೊಳಗೆ ಎಣ್ಣೆ ತುಂಬಿರುತ್ತದೆ. ದಂಡದ ತುದಿಯಲ್ಲಿರುವ ಪಿಸ್ಟನ್ ಆ ಎಣ್ಣೆಯೊಳಗೆ ಚಲಿಸುವಾಗ, ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ಹಾಗೂ ತೆಳುವಾದ ಲೋಹದ ಬಿಲ್ಲೆಗಳನ್ನು ಬಾಗಿಸಿಕೊಂಡು ಹರಿಯಬೇಕಾಗುತ್ತದೆ. ಈ ತಡೆಯಿಂದ ಚಲನೆಯ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ಉದ್ದನೆಯ ಇಳಿಜಾರಿನ ನಂತರ ಶಾಕ್ ಬಿಸಿಯಾಗಿರುವುದಕ್ಕೆ ಇದೇ ಕಾರಣ. ದಂಡವು ಒಳಹೊಕ್ಕಾಗ ಎಣ್ಣೆಗೆ ಸರಿಯಲು ಜಾಗ ಬೇಕು. ಅದಕ್ಕಾಗಿ ಒಂದು ತೇಲುವ ಪಿಸ್ಟನ್‌ನ ಆಚೆಗೆ ಹೆಚ್ಚಿನ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಅನಿಲ ಮತ್ತು ಎಣ್ಣೆ ಬೆರೆತು ನೊರೆಯಾಗದಂತೆ ಈ ಪಿಸ್ಟನ್ ತಡೆಯುತ್ತದೆ.

ಗಾತ್ರ ಮತ್ತು ಸನ್ನೆಯ ಅನುಪಾತ

ಶಾಕ್‌ನ ಗಾತ್ರವನ್ನು ಎರಡು ಸಂಖ್ಯೆಗಳಿಂದ ಸೂಚಿಸುತ್ತಾರೆ. ಉದಾಹರಣೆಗೆ 210×55 ಎಂದರೆ ಒಂದು ತುದಿಯ ಬೋಲ್ಟಿನ ಮಧ್ಯದಿಂದ ಇನ್ನೊಂದು ತುದಿಯ ಬೋಲ್ಟಿನ ಮಧ್ಯದವರೆಗೆ 210 ಮಿ.ಮೀ. ಉದ್ದ ಮತ್ತು 55 ಮಿ.ಮೀ. ಚಲನೆ ಎಂದರ್ಥ. ಈ ಚಲನೆಗೆ ಸ್ಟ್ರೋಕ್ ಎಂದು ಹೆಸರು.

ಹಿಂದಿನ ಚಕ್ರವು 150 ಮಿ.ಮೀ. ಚಲಿಸುವ ಸೈಕಲ್ಲಿನಲ್ಲಿ ಶಾಕ್ 55 ಮಿ.ಮೀ. ಮಾತ್ರ ಚಲಿಸಿದರೆ, ಅವುಗಳ ಸರಾಸರಿ ಅನುಪಾತ ಸುಮಾರು 2.7 ಆಗುತ್ತದೆ. ಸನ್ನೆಯ ತತ್ತ್ವದಂತೆ, ಚಕ್ರದ ಮೇಲೆ 50 ಕಿಲೋಗ್ರಾಂ ಭಾರ ಬಿದ್ದರೆ ಶಾಕ್ ಮೇಲೆ ಸುಮಾರು 135 ಕಿಲೋಗ್ರಾಂ ಭಾರ ಬೀಳುತ್ತದೆ. ಮೌಂಟನ್ ಬೈಕಿನ ಟೈರಿಗೆ ಸುಮಾರು 25 ಪಿಎಸ್‌ಐ ಒತ್ತಡ ಸಾಕಾದರೆ, ಶಾಕ್‌ಗೆ 150ರಿಂದ 250 ಪಿಎಸ್‌ಐ ಬೇಕಾಗುವುದು ಇದರಿಂದಾಗಿಯೇ. ಆದುದರಿಂದ ಟೈರಿಗೆ ಗಾಳಿ ಹಾಕುವ ಪಂಪು ಇಲ್ಲಿ ಉಪಯೋಗಕ್ಕೆ ಬಾರದು. ಕಡಿಮೆ ಪ್ರಮಾಣದ ಗಾಳಿಯನ್ನು ಹೆಚ್ಚು ಒತ್ತಡದಲ್ಲಿ ತುಂಬುವ, ನಿಖರವಾದ ಮಾಪಕವಿರುವ ಶಾಕ್ ಪಂಪ್ ಬೇಕು. ಶಾಕ್ ತಡೆದುಕೊಳ್ಳಬಲ್ಲ ಗರಿಷ್ಠ ಒತ್ತಡವನ್ನು ತಯಾರಕರು ಸೂಚಿಸಿರುತ್ತಾರೆ, ಅದನ್ನು ಮೀರಬಾರದು.

ಸ್ಯಾಗ್ ಹೊಂದಿಸುವಿಕೆ

ಸವಾರನು ಸೈಕಲ್ಲಿನ ಮೇಲೆ ಸುಮ್ಮನೆ ಕುಳಿತಾಗ ಅಥವಾ ನಿಂತಾಗ ಅವನ ಭಾರದಿಂದಲೇ ಶಾಕ್ ಕುಗ್ಗುವ ಪ್ರಮಾಣವನ್ನು ಸ್ಯಾಗ್ ಎನ್ನುತ್ತಾರೆ. ಇದನ್ನು ಸ್ಟ್ರೋಕ್‌ನ ಶೇಕಡಾವಾರಿನಲ್ಲಿ ಹೇಳುವುದು ವಾಡಿಕೆ. ದಾರಿಯಲ್ಲಿ ಉಬ್ಬು ಮಾತ್ರವಲ್ಲದೆ ತಗ್ಗೂ ಇರುತ್ತದೆ. ತಗ್ಗು ಬಂದಾಗ ಚಕ್ರವು ಕೆಳಗಿಳಿದು ನೆಲವನ್ನು ಮುಟ್ಟಬೇಕಾದರೆ ಶಾಕ್ ಮೊದಲೇ ಸ್ವಲ್ಪ ಕುಗ್ಗಿರಬೇಕು. ಕ್ರಾಸ್‌ಕಂಟ್ರಿ ಸವಾರಿಗೆ ಸುಮಾರು 20ರಿಂದ 25, ಸಾಮಾನ್ಯ ಕಾಡುದಾರಿಯ ಸವಾರಿಗೆ 25ರಿಂದ 30, ಕಡಿದಾದ ಇಳಿಜಾರಿನ ಸವಾರಿಗೆ 30 ಅಥವಾ ಅದಕ್ಕಿಂತ ತುಸು ಹೆಚ್ಚು ಶೇಕಡಾ ಸ್ಯಾಗ್ ಇಡುವುದು ರೂಢಿಯಲ್ಲಿದೆ. ಸೈಕಲ್ ತಯಾರಕರ ಸೂಚನೆ ಇದ್ದರೆ ಅದೇ ಪ್ರಮಾಣವಾಗುತ್ತದೆ.

ಇದನ್ನು ಅಳೆಯುವ ಕ್ರಮ ಹೀಗಿದೆ:

1. ಲಾಕ್ ಅಥವಾ ಕಂಪ್ರೆಶನ್ ಸನ್ನೆಯನ್ನು ಪೂರ್ಣವಾಗಿ ತೆರೆದ ಸ್ಥಿತಿಯಲ್ಲಿ ಇಡಬೇಕು.
2. ತಯಾರಕರ ಕೋಷ್ಟಕದಲ್ಲಿ ಸವಾರನ ತೂಕಕ್ಕೆ ಸೂಚಿಸಿರುವ ಒತ್ತಡವನ್ನು ಹಂತಹಂತವಾಗಿ ತುಂಬಬೇಕು. ಪ್ರತಿ 50 ಪಿಎಸ್‌ಐಗೆ ಒಮ್ಮೆ ನಿಲ್ಲಿಸಿ, ಶಾಕ್‌ನ್ನು ಸ್ಟ್ರೋಕ್‌ನ ಕಾಲು ಭಾಗದಷ್ಟು ಹತ್ತು ಬಾರಿ ನಿಧಾನವಾಗಿ ಕುಗ್ಗಿಸಿ ಬಿಡಬೇಕು. ಇದರಿಂದ ಎರಡು ಕೋಣೆಗಳ ಒತ್ತಡ ಸಮವಾಗುತ್ತದೆ.
3. ಸವಾರನು ಹೆಲ್ಮೆಟ್, ಶೂ, ನೀರು ತುಂಬಿದ ಚೀಲ ಮುಂತಾದ ಎಲ್ಲ ಸಾಮಗ್ರಿಗಳೊಂದಿಗೆ, ಗೋಡೆಯ ಆಸರೆಯಲ್ಲಿ ಸೈಕಲ್ ಏರಬೇಕು.
4. ದಂಡದ ಮೇಲಿರುವ ರಬ್ಬರಿನ ಓ-ರಿಂಗನ್ನು ಸೀಲ್‌ಗೆ ತಾಗುವಂತೆ ಸರಿಸಿ, ಜಗ್ಗದೆ ಮೆಲ್ಲನೆ ಇಳಿಯಬೇಕು.
5. ಸೀಲ್‌ನಿಂದ ಓ-ರಿಂಗ್‌ವರೆಗಿನ ದೂರವನ್ನು ಅಳೆಯಬೇಕು.

55 ಮಿ.ಮೀ. ಸ್ಟ್ರೋಕ್ ಇರುವ ಶಾಕ್‌ನಲ್ಲಿ ಶೇಕಡಾ 30 ಎಂದರೆ 16.5 ಮಿ.ಮೀ. ಅಳತೆ ಇದಕ್ಕಿಂತ ಹೆಚ್ಚಿದ್ದರೆ ಗಾಳಿ ತುಂಬಬೇಕು, ಕಡಿಮೆ ಇದ್ದರೆ ಬಿಡಬೇಕು. ಕುಳಿತು ಅಳೆದರೆ ಬರುವ ಫಲಿತಾಂಶಕ್ಕೂ ನಿಂತು ಅಳೆದರೆ ಬರುವುದಕ್ಕೂ ವ್ಯತ್ಯಾಸವಿರುವುದರಿಂದ ಪ್ರತಿ ಬಾರಿಯೂ ಒಂದೇ ಭಂಗಿಯಲ್ಲಿ ಅಳೆಯುವುದು ಸೂಕ್ತ. ಪಂಪನ್ನು ಮತ್ತೆ ಜೋಡಿಸಿದಾಗ ಮಾಪಕವು ಹಿಂದಿನದಕ್ಕಿಂತ ಕಡಿಮೆ ತೋರಿಸುತ್ತದೆ. ಶಾಕ್‌ನ ಸ್ವಲ್ಪ ಗಾಳಿ ಪಂಪಿನ ಕೊಳವೆಯನ್ನು ತುಂಬುವುದೇ ಇದಕ್ಕೆ ಕಾರಣ. ಇದನ್ನು ಸೋರಿಕೆ ಎಂದು ಭಾವಿಸಬಾರದು.

ಕಾಯಿಲ್ ಶಾಕ್‌ನಲ್ಲಿ ಸ್ಯಾಗ್ ಸರಿಹೋಗದಿದ್ದರೆ ಬೇರೆ ಬಿರುಸಿನ ಸುರುಳಿಯನ್ನೇ ಹಾಕಬೇಕು. ಸುರುಳಿಯನ್ನು ಬಿಗಿಯಾಗಿ ಹಿಡಿದಿಡುವ ಕಾಲರನ್ನು ಅತಿಯಾಗಿ ತಿರುಗಿಸುವುದರಿಂದ ಸುರುಳಿಯ ಬಿರುಸು ಹೆಚ್ಚುವುದಿಲ್ಲ. ಚಲನೆಯ ಆರಂಭ ಮಾತ್ರ ಗಡುಸಾಗುತ್ತದೆ.

ರಿಬೌಂಡ್ ಮತ್ತು ಕಂಪ್ರೆಶನ್

ಕುಗ್ಗಿದ ಶಾಕ್ ಮತ್ತೆ ಹಿಗ್ಗುವ ವೇಗವನ್ನು ರಿಬೌಂಡ್ ಗುಂಡಿ ನಿಯಂತ್ರಿಸುತ್ತದೆ. ಹಲವು ಶಾಕ್‌ಗಳಲ್ಲಿ ಇದರ ಬಣ್ಣ ಕೆಂಪು. ವೇಗ ಅತಿಯಾದರೆ ಉಬ್ಬನ್ನು ದಾಟಿದ ಕೂಡಲೇ ಸೀಟು ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ತೀರಾ ನಿಧಾನವಾದರೆ ಒಂದರ ಹಿಂದೊಂದು ಪೆಟ್ಟು ಬೀಳುವಾಗ ಶಾಕ್ ಹಿಗ್ಗಲು ಸಮಯ ಸಾಲದೆ, ಪ್ರತಿ ಪೆಟ್ಟಿಗೂ ಇನ್ನಷ್ಟು ಕುಗ್ಗುತ್ತಾ ಹೋಗಿ ಕೊನೆಗೆ ಗಟ್ಟಿಯಾದ ಕೋಲಿನಂತೆ ವರ್ತಿಸುತ್ತದೆ. ಹೊಸ ಸವಾರರು ಇದನ್ನು ಗಾಳಿ ಹೆಚ್ಚಾದುದರ ಲಕ್ಷಣವೆಂದು ತಪ್ಪಾಗಿ ತಿಳಿದು ಗಾಳಿ ಬಿಡುವುದುಂಟು. ಅದರಿಂದ ತೊಂದರೆ ಮತ್ತಷ್ಟು ಹೆಚ್ಚುತ್ತದೆ.

ಗುಂಡಿಯನ್ನು ಪ್ರದಕ್ಷಿಣವಾಗಿ ಕೊನೆಯವರೆಗೆ ಮೆಲ್ಲನೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ತಿರುಗಿಸುತ್ತಾ 'ಕ್ಲಿಕ್'ಗಳನ್ನು ಎಣಿಸುವುದು ಸಾಮಾನ್ಯ ಪದ್ಧತಿ. ಮೊದಲ ಪರೀಕ್ಷೆಗೆ ಪಾದಚಾರಿ ಮಾರ್ಗದ ಅಂಚು ಸಾಕು. ಸೀಟಿನ ಮೇಲೆ ಕುಳಿತು ಅಂಚಿನಿಂದ ನಿಧಾನವಾಗಿ ಕೆಳಗಿಳಿದಾಗ ಸೈಕಲ್ಲು ಕುಗ್ಗಿ, ಒಮ್ಮೆ ಮೇಲೆದ್ದು, ಹೆಚ್ಚು ಕುಣಿಯದೆ ಸ್ತಿಮಿತಕ್ಕೆ ಬರಬೇಕು. ಗಾಳಿಯ ಒತ್ತಡ ಹೆಚ್ಚಿದಂತೆ ಶಾಕ್ ಹೆಚ್ಚು ಬಲದಿಂದ ಹಿಗ್ಗುವುದರಿಂದ ರಿಬೌಂಡ್ ತಡೆಯೂ ಹೆಚ್ಚಬೇಕಾಗುತ್ತದೆ. ಈ ಕಾರಣದಿಂದ ಸ್ಯಾಗ್ ಮೊದಲು, ರಿಬೌಂಡ್ ನಂತರ ಎಂಬ ಕ್ರಮವನ್ನು ಪಾಲಿಸಬೇಕು.

ಕಂಪ್ರೆಶನ್ ಗುಂಡಿಯು ಶಾಕ್ ಕುಗ್ಗುವ ವೇಗವನ್ನು ನಿಯಂತ್ರಿಸುತ್ತದೆ. ಕೆಲವು ಶಾಕ್‌ಗಳಲ್ಲಿ ಕಡಿಮೆ ವೇಗ ಮತ್ತು ಹೆಚ್ಚು ವೇಗದ ಕಂಪ್ರೆಶನ್‌ಗೆ ಪ್ರತ್ಯೇಕ ಗುಂಡಿಗಳಿವೆ. ಇಲ್ಲಿ ವೇಗವೆಂದರೆ ಶಾಕ್‌ನ ದಂಡದ ವೇಗ, ಸೈಕಲ್ಲಿನ ವೇಗವಲ್ಲ. ಪೆಡಲ್ ತುಳಿಯುವಾಗ ಅಥವಾ ಬ್ರೇಕ್ ಹಿಡಿದಾಗ ಶರೀರದ ಭಾರ ಸರಿಯುವುದರಿಂದ ದಂಡ ನಿಧಾನವಾಗಿ ಚಲಿಸುತ್ತದೆ. ಚೂಪಾದ ಕಲ್ಲಿಗೆ ತಗುಲಿದಾಗ, ಸೈಕಲ್ಲು ನಿಧಾನವಾಗಿ ಸಾಗುತ್ತಿದ್ದರೂ, ದಂಡ ವೇಗವಾಗಿ ಚಲಿಸಬಹುದು.

ಗಾಳಿ ಕೋಣೆಯ ಗಾತ್ರ

ಸ್ಯಾಗ್ ಸರಿಯಿದ್ದರೂ ದೊಡ್ಡ ಜಿಗಿತಗಳಲ್ಲಿ ಶಾಕ್ ಪದೇ ಪದೇ ಕೊನೆಮುಟ್ಟಿ ಬಡಿಯುತ್ತಿದ್ದರೆ, ಗಾಳಿ ಕೋಣೆಯೊಳಗೆ ಪ್ಲಾಸ್ಟಿಕ್ ತುಂಡುಗಳನ್ನು ಸೇರಿಸಿ ಅದರ ಗಾತ್ರವನ್ನು ಕಿರಿದುಗೊಳಿಸಬಹುದು. ಇದರ ಹಿಂದೆ ಶಾಲೆಯ ಭೌತವಿಜ್ಞಾನದಲ್ಲಿ ಬರುವ ಬಾಯ್ಲ್ ನಿಯಮವಿದೆ. ಉಷ್ಣತೆ ಬದಲಾಗದಿದ್ದಾಗ ಅನಿಲದ ಗಾತ್ರ ಎಷ್ಟು ಪಾಲು ಕುಗ್ಗುತ್ತದೆಯೋ ಅಷ್ಟು ಪಾಲು ಒತ್ತಡ ಏರುತ್ತದೆ. ಕೋಣೆಯ ಗಾತ್ರ 100 ಘಟಕ ಇದ್ದು, ಪೂರ್ಣ ಚಲನೆಯಲ್ಲಿ 60 ಘಟಕ ಕುಗ್ಗುತ್ತದೆ ಎಂದು ಭಾವಿಸಿದರೆ ಉಳಿಯುವುದು 40. ಒತ್ತಡ ಎರಡೂವರೆ ಪಟ್ಟಾಗುತ್ತದೆ. 10 ಘಟಕದಷ್ಟು ಪ್ಲಾಸ್ಟಿಕ್ ತುಂಡನ್ನು ಸೇರಿಸಿದರೆ 90 ಘಟಕದ ಗಾಳಿ 30ಕ್ಕೆ ಕುಗ್ಗಿ ಒತ್ತಡ ಮೂರು ಪಟ್ಟಾಗುತ್ತದೆ. ಹೀಗೆ ಚಲನೆಯ ಆರಂಭದಲ್ಲಿ ಹೆಚ್ಚಿನ ಬದಲಾವಣೆ ಇಲ್ಲದೆ ಕೊನೆಯ ಭಾಗ ಮಾತ್ರ ಗಡುಸಾಗುತ್ತದೆ.

ನಿರ್ವಹಣೆಯ ಅವಧಿ

ಶಾಕ್‌ನ ಸೀಲ್ ಮತ್ತು ಎಣ್ಣೆಯ ಸವೆತ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ತಯಾರಕರು ಸವಾರಿಯ ಗಂಟೆಗಳ ಲೆಕ್ಕದಲ್ಲಿ ಅವಧಿಯನ್ನು ನಿಗದಿಪಡಿಸುತ್ತಾರೆ. ರಾಕ್‌ಶಾಕ್ಸ್ ಸಂಸ್ಥೆಯು ತನ್ನ ಹಲವು ಶಾಕ್‌ಗಳಿಗೆ 50 ಗಂಟೆಗೊಮ್ಮೆ ಗಾಳಿ ಕೋಣೆಯ ಸೇವೆಯನ್ನೂ 200 ಗಂಟೆಗೊಮ್ಮೆ ಡ್ಯಾಂಪರ್ ಸಹಿತ ಪೂರ್ಣ ಸೇವೆಯನ್ನೂ ಸೂಚಿಸುತ್ತದೆ. ಫಾಕ್ಸ್ ಸಂಸ್ಥೆಯು 125 ಗಂಟೆ ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಆಗ ಪೂರ್ಣ ಸೇವೆಯನ್ನು ಸೂಚಿಸುತ್ತದೆ. ವಾರಕ್ಕೆ ನಾಲ್ಕು ಗಂಟೆ ಸವಾರಿ ಮಾಡುವವರಿಗೆ 50 ಗಂಟೆ ಎಂದರೆ ಸುಮಾರು ಮೂರು ತಿಂಗಳು. ಪಶ್ಚಿಮ ಘಟ್ಟದಂತಹ ಹೆಚ್ಚು ಮಳೆ ಬೀಳುವ ಪ್ರದೇಶದಲ್ಲಿ ಕೆಸರಿನ ಸವಾರಿ ಹೆಚ್ಚಾಗಿದ್ದರೆ ಈ ಅವಧಿಯನ್ನು ಇನ್ನೂ ಕಡಿಮೆ ಮಾಡಬೇಕಾಗುತ್ತದೆ.

ಪ್ರತಿ ಸವಾರಿಯ ನಂತರ ದಂಡವನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವುದು ಎಲ್ಲಕ್ಕಿಂತ ಸುಲಭವಾದ ಮತ್ತು ಫಲಕಾರಿಯಾದ ಆರೈಕೆ. ಸೀಲ್‌ನ ಅಂಚಿನಲ್ಲಿ ಉಳಿದ ಮರಳಿನ ಕಣ ಒಳಸೇರಿದರೆ ದಂಡದ ನುಣುಪಾದ ಲೇಪನವನ್ನು ಗೀರುತ್ತದೆ. ಗೀರಿದ ದಂಡಕ್ಕೆ ಎಷ್ಟು ಬಾರಿ ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲುವುದಿಲ್ಲ. ಕೆಲವು ನೂರು ರೂಪಾಯಿಯ ರಬ್ಬರ್ ಬಳೆಯನ್ನು ಬದಲಿಸದೆ ಬಿಟ್ಟರೆ ಸಾವಿರಾರು ರೂಪಾಯಿಯ ಭಾಗವೇ ಹಾಳಾಗುವ ಸಂಭವವಿದೆ. ತೊಳೆಯುವಾಗ ಹೆಚ್ಚಿನ ಒತ್ತಡದ ನೀರನ್ನು ಸೀಲ್‌ಗಳತ್ತ ಹಾಯಿಸಬಾರದು.

ಮನೆಯಲ್ಲಿ ಗಾಳಿ ಕೋಣೆಯ ಸೇವೆ

ಇದಕ್ಕೆ ಅಲೆನ್ ಕೀಗಳು, ಟಾರ್ಕ್ ವ್ರೆಂಚ್, ಶಾಕ್ ಪಂಪ್, ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಆಯಾ ಮಾದರಿಯ ಸೀಲ್ ಕಿಟ್ ಹಾಗೂ ತಯಾರಕರು ಹೇಳಿದ ಗ್ರೀಸ್ ಮತ್ತು ಎಣ್ಣೆ ಬೇಕು. ಕಣ್ಣಿಗೆ ರಕ್ಷಣಾ ಕನ್ನಡಕವನ್ನು ತಪ್ಪದೆ ಧರಿಸಬೇಕು. ಮಾದರಿಯಿಂದ ಮಾದರಿಗೆ ವಿವರಗಳು ಬದಲಾಗುವುದರಿಂದ ತಯಾರಕರ ಕೈಪಿಡಿ ಎದುರಿಗಿರಬೇಕು. ಸಾಮಾನ್ಯ ಹಂತಗಳು ಇಂತಿವೆ:

1. ಸೈಕಲ್ಲನ್ನು ತೊಳೆದು ಒಣಗಿಸಿ, ಆಗಿನ ಒತ್ತಡ ಮತ್ತು ಗುಂಡಿಗಳ ಕ್ಲಿಕ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.
2. ವಾಲ್ವಿನ ಮೂಲಕ ಗಾಳಿಯನ್ನು ನಿಧಾನವಾಗಿ ಪೂರ್ತಿ ಬಿಡುವುದು. ಋಣ ಕೋಣೆಯ ಗಾಳಿಯೂ ಹೊರಬರುವಂತೆ ಶಾಕ್‌ನ್ನು ಸ್ವಲ್ಪ ಕುಗ್ಗಿಸಿ ಹಿಗ್ಗಿಸಿ, ಮತ್ತೆ ವಾಲ್ವ್ ಒತ್ತಿ ಪರೀಕ್ಷಿಸುವುದು.
3. ಹಿಂದಿನ ಚಕ್ರಕ್ಕೆ ಆಸರೆ ಕೊಟ್ಟು, ಎರಡು ತುದಿಯ ಬೋಲ್ಟುಗಳನ್ನು ಬಿಚ್ಚಿ ಶಾಕ್‌ನ್ನು ಹೊರತೆಗೆಯುವುದು.
4. ಗಾಳಿ ಕೋಣೆಯ ಹೊರಕವಚವನ್ನು ಕೈಯಿಂದ ಅಥವಾ ಪಟ್ಟಿ ಸ್ಪ್ಯಾನರ್‌ನಿಂದ ತಿರುಗಿಸಿ ಬಿಚ್ಚುವುದು. ಉಕ್ಕಿನ ಇಕ್ಕಳ ಬಳಸಿದರೆ ಮೆದುವಾದ ಅಲ್ಯೂಮಿನಿಯಂ ಜಜ್ಜಿಹೋಗುತ್ತದೆ.
5. ಹಳೆಯ ಸೀಲ್‌ಗಳ ಕ್ರಮ ಮತ್ತು ದಿಕ್ಕನ್ನು ಫೋಟೋ ತೆಗೆದುಕೊಂಡು, ಪ್ಲಾಸ್ಟಿಕ್ ಕಡ್ಡಿಯಿಂದ ಅವುಗಳನ್ನು ಎಬ್ಬಿಸುವುದು. ಲೋಹದ ಮೊನೆಯಿಂದ ಸೀಲ್ ಕೂರುವ ಕಾಲುವೆ ಗೀರುತ್ತದೆ.
6. ಎಲ್ಲ ಭಾಗಗಳನ್ನು ಆಲ್ಕೊಹಾಲಿನಿಂದ ಒರೆಸಿ, ದಂಡದ ಮೇಲೆ ಉಗುರು ಆಡಿಸಿ ಗೀರುಗಳಿವೆಯೇ ಎಂದು ನೋಡುವುದು.
7. ಹೊಸ ಸೀಲ್‌ಗಳಿಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿ, ಕೈಪಿಡಿ ಹೇಳಿದಷ್ಟು ಎಣ್ಣೆಯನ್ನು ಕೋಣೆಗೆ ಹಾಕಿ ಕವಚವನ್ನು ಮುಚ್ಚುವುದು.
8. ಸ್ವಲ್ಪ ಗಾಳಿ ತುಂಬಿ, ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸುವುದು.
9. ಬೋಲ್ಟುಗಳನ್ನು ಸೂಚಿತ ಟಾರ್ಕ್‌ಗೆ ಬಿಗಿದು, ಸ್ಯಾಗ್‌ನ್ನು ಹೊಸದಾಗಿ ಅಳೆಯುವುದು.

ಕೆಲಸದ ವೇಳೆ ಎಣ್ಣೆ ಅಥವಾ ಗ್ರೀಸ್ ಬ್ರೇಕ್ ಡಿಸ್ಕಿನ ಮೇಲೆ ಬೀಳದಂತೆ ಎಚ್ಚರ ವಹಿಸಬೇಕು. ಎಣ್ಣೆ ತಗುಲಿದ ಬ್ರೇಕ್ ಇಳಿಜಾರಿನಲ್ಲಿ ಹಿಡಿಯದೆ ಅಪಘಾತಕ್ಕೆ ಕಾರಣವಾಗಬಹುದು.

ಅಪಾಯಗಳು ಮತ್ತು ಮಿತಿಗಳು

ಗಾಳಿಯನ್ನೆಲ್ಲ ಬಿಟ್ಟ ನಂತರವೂ, ಅಥವಾ ಒತ್ತಡ ತುಂಬಿರುವಾಗಲೂ, ಶಾಕ್ ತಾನಾಗಿ ಕುಗ್ಗಿದ ಸ್ಥಿತಿಯಲ್ಲೇ ಉಳಿದು ಹಿಗ್ಗದಿದ್ದರೆ ಅದನ್ನು ಬಿಚ್ಚಬಾರದು. ಎರಡು ಕೋಣೆಗಳ ನಡುವಿನ ಸೀಲ್ ಕೆಟ್ಟು, ಋಣ ಕೋಣೆಯಲ್ಲಿ ಹೆಚ್ಚಿನ ಒತ್ತಡದ ಗಾಳಿ ಸಿಲುಕಿಕೊಂಡಿರುವ ಲಕ್ಷಣ ಅದು. ವಾಲ್ವಿನಿಂದ ಆ ಗಾಳಿ ಹೊರಬರುವುದಿಲ್ಲ. ಮಾಪಕವು ಸೊನ್ನೆ ತೋರಿಸಿದರೂ ಒಳಗೆ ಒತ್ತಡ ಇರುತ್ತದೆ. ಅಂತಹ ಶಾಕ್‌ನ ಕವಚವನ್ನು ತಿರುಗಿಸಿದರೆ ಭಾಗಗಳು ಸಿಡಿದು ಮುಖಕ್ಕೆ ಅಥವಾ ಕೈಗೆ ತೀವ್ರ ಗಾಯವಾಗಬಹುದು. ಇದನ್ನು ಅಧಿಕೃತ ಸೇವಾ ಕೇಂದ್ರಕ್ಕೆ ಒಪ್ಪಿಸುವುದೊಂದೇ ಸರಿಯಾದ ಮಾರ್ಗ.

ಡ್ಯಾಂಪರ್‌ನಲ್ಲಿರುವ ನೈಟ್ರೋಜನ್ ಸಹ ಗಾಳಿ ಕೋಣೆಯ ವಾಲ್ವಿನಿಂದ ಹೊರಬರುವುದಿಲ್ಲ. ಅದನ್ನು ತೆಗೆಯಲು ಮತ್ತು ತುಂಬಲು ಪ್ರತ್ಯೇಕ ಸಲಕರಣೆಗಳಿವೆ. ಎಣ್ಣೆಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ತುಂಬುವುದು ಮತ್ತು ತೇಲುವ ಪಿಸ್ಟನ್‌ನ್ನು ನಿಗದಿತ ಆಳದಲ್ಲಿ ಕೂರಿಸುವುದು ಅನುಭವ ಬೇಡುವ ಕೆಲಸ. ಹೀಗಾಗಿ ಡ್ಯಾಂಪರ್ ಸೇವೆಯನ್ನು ಮನೆಯ ಕೆಲಸಗಳ ಪಟ್ಟಿಯಿಂದ ಹೊರಗಿಡುವುದು ಉಚಿತ.

ದೋಷಗಳ ಲಕ್ಷಣಗಳು

* ಕುಗ್ಗುವಾಗ ಅಥವಾ ಹಿಗ್ಗುವಾಗ ಚಪ್‌ಚಪ್ ಎಂಬ ಸದ್ದು ಕೇಳಿಬಂದು, ರಿಬೌಂಡ್ ಗುಂಡಿ ತಿರುಗಿಸಿದರೂ ವೇಗದಲ್ಲಿ ವ್ಯತ್ಯಾಸ ಕಾಣದಿದ್ದರೆ ಎಣ್ಣೆಯೊಂದಿಗೆ ಅನಿಲ ಬೆರೆತಿರುವ ಸಾಧ್ಯತೆ ಇದೆ. ಇದು ಡ್ಯಾಂಪರ್ ದೋಷ.
* ದಂಡದ ಮೇಲೆ ತೆಳುವಾದ ಎಣ್ಣೆಯ ಪಸೆ ಇರುವುದು ಸಹಜ. ಹನಿಹನಿಯಾಗಿ ಸೋರುತ್ತಿದ್ದರೆ ಸೀಲ್ ಸವೆದಿದೆ ಎಂದರ್ಥ.
* ಕೆಲವು ದಿನಗಳಲ್ಲೇ ಒತ್ತಡ ಬಹಳ ಇಳಿದರೆ ವಾಲ್ವ್ ಮತ್ತು ಗಾಳಿ ಸೀಲ್‌ಗಳನ್ನು ಪರೀಕ್ಷಿಸಬೇಕು.
* ಸೀಟನ್ನು ಹಿಡಿದು ಮೆಲ್ಲನೆ ಎತ್ತಿದಾಗ ಚಕ್ರ ಏಳುವ ಮೊದಲು ಟಕ್ ಎಂಬ ಸಡಿಲ ಕಂಡುಬಂದರೆ ತುದಿಯ ಬುಷ್ ಅಥವಾ ಚೌಕಟ್ಟಿನ ಬೇರಿಂಗ್ ಸವೆದಿರಬಹುದು. ಶಾಕ್ ಒಳಗಿನ ದೋಷವೆಂದು ಭಾವಿಸುವ ಮೊದಲು ಇದನ್ನು ನೋಡಬೇಕು.

ಉಷ್ಣತೆಯ ಪರಿಣಾಮ

ಮುಚ್ಚಿದ ಕೋಣೆಯ ಗಾಳಿ ಕಾದಾಗ ಅದರ ಒತ್ತಡ ಏರುತ್ತದೆ. ಮುಂಜಾನೆ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ 180 ಪಿಎಸ್‌ಐ ತುಂಬಿದ ಶಾಕ್, 35 ಡಿಗ್ರಿಗೆ ಕಾದಾಗ ಸುಮಾರು 190 ಪಿಎಸ್‌ಐ ತೋರಿಸುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಅಥವಾ ಆಗತಾನೆ ಇಳಿಜಾರು ಇಳಿದ ಸೈಕಲ್ಲಿನಲ್ಲಿ ಅಳೆದ ಒತ್ತಡವನ್ನು ತಣ್ಣಗಿನ ಅಳತೆಯೊಂದಿಗೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ.

ದಾಖಲೆ ಇಡುವಿಕೆ

ಹೊಂದಾಣಿಕೆಯಲ್ಲಿ ಒಂದು ಬಾರಿಗೆ ಒಂದನ್ನೇ ಬದಲಿಸಿ, ಒಂದೇ ದಾರಿಯಲ್ಲಿ ಓಡಿಸಿ ನೋಡುವುದು ಉತ್ತಮ ವಿಧಾನ. ಎರಡು ಗುಂಡಿಗಳನ್ನು ಒಟ್ಟಿಗೆ ತಿರುಗಿಸಿದರೆ ಪರಿಣಾಮ ಯಾವುದರಿಂದ ಬಂದಿತೆಂದು ತಿಳಿಯುವುದಿಲ್ಲ. ದಿನಾಂಕ, ಒತ್ತಡ, ಸ್ಯಾಗ್, ಕ್ಲಿಕ್‌ಗಳ ಸಂಖ್ಯೆ, ಸವಾರಿಯ ಗಂಟೆಗಳು ಹಾಗೂ ಕೊನೆಯ ಸೇವೆಯ ವಿವರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದರಿಂದ ಸೇವೆಯ ಅವಧಿ ಮೀರದಂತೆ ನೋಡಿಕೊಳ್ಳಬಹುದು. ಶಾಕ್‌ನ್ನು ಸೇವಾ ಕೇಂದ್ರಕ್ಕೆ ಕೊಡಬೇಕಾಗಿ ಬಂದಾಗ ತಂತ್ರಜ್ಞನಿಗೂ ಈ ದಾಖಲೆ ನೆರವಾಗುತ್ತದೆ.